ಮೊದಲು ಬಲ್ಬಿಗೆ ಸಲಾಂ

ಸೂಪರ್ ಮಾರ್ಕೆಟ್ ಹಿಂದಿನ ಗಲ್ಲಿಯಲ್ಲಿ ನಮ್ಮದೊಂದು ಎಲೆಕ್ಟ್ರಾನಿಕ್ಸ್ ರಿಪೇರಿ ಅಂಗಡಿ. ನಮ್ಮದು ಅಂದರೆ ನನಗೆ ಕೆಲಸ ಕಲಿಸಿದ ಉಸ್ತಾದರದು. ಹನ್ನೆರಡು ವರ್ಷ ಪಕ್ಕದ ಕುರ್ಚಿ ಸವೆಸಿದ ಧೈರ್ಯದ ಮೇಲೆ ನಾನೂ ಹಾಗನ್ನುತ್ತೇನೆ.

ಸಕ್ಕರೆ ಕಾಯಿಲೆ ಉಸ್ತಾದರ ಕಣ್ಣಿಗಿಳಿದು ಎರಡು ವರ್ಷವಾಗಿತ್ತು. ಗೊತ್ತಿದ್ದವನು ನಾನೊಬ್ಬನೇ. "ಕಣ್ಣು ಹೋಗ್ಯಾವಂತ ಗೊತ್ತಾದ್ರ ಯಾರು ಕೆಲಸ ಕೊಡ್ತಾರೋ? ಬಾಯಿ ಮುಚ್ಕೊಂಡಿರು," ಎಂದಿದ್ದರು. ಅವರನ್ನು ಉಳಿಸಿದ್ದು ಅಂಗೈಯಗಲದ ಟೆಸ್ಟರ್. ಬಿಡಿಭಾಗ ಸಿಕ್ಕಿಸಿದರೆ ಅದರ ಅಳತೆಯನ್ನು ಅವರಿಗೂ ಕಾಣುವಷ್ಟು ದಪ್ಪ ಅಂಕಿಗಳಲ್ಲಿ ತೋರಿಸುತ್ತಿತ್ತು. ಮುದುಕ ಮಾಡರ್ನ್ ಆಗ್ಯಾನ ಎಂದು ಗಿರಾಕಿಗಳು ಹೊಗಳುತ್ತಿದ್ದರು.

ಆದರೆ ಕೆಪ್ಯಾಸಿಟರ್ ಎಂಬ ಬಿಡಿಭಾಗ ಕರೆಂಟನ್ನು ಒಳಗೆ ತುಂಬಿಟ್ಟುಕೊಳ್ಳುತ್ತದೆ; ಹಾಗೇ ಸಿಕ್ಕಿಸಿದರೆ ಟೆಸ್ಟರ್ ಅಲ್ಲೇ ಖಲಾಸ್. ಅದಕ್ಕೇ ಉಸ್ತಾದರ ಕಾನೂನು: "ಮೊದಲು ಬಲ್ಬಿಗೆ ಸಲಾಂ, ಆಮ್ಯಾಲ ಟೆಸ್ಟರಿಗೆ." ಹಳೆಯ ಬಲ್ಬೊಂದಕ್ಕೆ ಎರಡು ತಂತಿ ಕಟ್ಟಿಟ್ಟಿದ್ದರು. ಕೆಪ್ಯಾಸಿಟರಿನ ಕಾಲಿಗೆ ಮುಟ್ಟಿಸಿದರೆ ಬಲ್ಬು ಒಮ್ಮೆ ಮಿಂಚಿ ಆರುತ್ತಿತ್ತು, ಒಳಗಿನದು ಖಾಲಿ. ಮಿಂಚದಿದ್ದರೆ ಮೊದಲೇ ಖಾಲಿ. ಸ್ಕ್ರೂಡ್ರೈವರ್ ತಾಗಿಸಿ ಕಿಡಿ ಹಾರಿಸುವವರನ್ನು ಅವರು ಪಟಾಕಿ ಮಂದಿ ಎಂದು ಬೈಯುತ್ತಿದ್ದರು.

ಕಮಲಾಪುರದ ಫೋಟೊ ಸ್ಟುಡಿಯೊದ ಅಕ್ಕ ಒಮ್ಮೆ ಫೋನ್ ಮಾಡಿದಳು. ಫ್ಲ್ಯಾಶ್ ಸತ್ತಿದೆ, ಮರುದಿನವೇ ಮದುವೆ. ಸ್ಕೂಟರ್ ಓಡಿಸಿದವನು ನಾನು; ಬಲ್ಬು, ಟೆಸ್ಟರ್, ಬಿಡಿಭಾಗಗಳ ಚೀಲ ಹಿಡಿದು ಉಸ್ತಾದರು ಹಿಂದೆ ಕೂತರು. ರಸ್ತೆಯಲ್ಲಿ ಹಂಪ್ ಕಂಡರೆ ಹಾರಿಸುವುದೇ ನನಗೆ ಹಬ್ಬ. "ಅರೆ ಮೆಲ್ಲಕ ಹೋಗೋ! ನನ್ನ ಖಬರಸ್ತಾನಕ್ಕ ಒಯ್ಯಾಕತ್ತೀಯೇನು?" ಹಿಂದಿನಿಂದ ಒಂದೇ ಸಮನೆ ಬೈಗುಳ.

ಸ್ಟುಡಿಯೊದಲ್ಲಿ ಫ್ಲ್ಯಾಶ್ ಬಿಚ್ಚಿ, ಕೆಪ್ಯಾಸಿಟರ್ ಹೊರತೆಗೆದು ಬಲ್ಬಿಗೆ ಮುಟ್ಟಿಸಿದೆ. ಮಿಂಚಲಿಲ್ಲ. "ಖಾಲಿ ಐತ್ರಿ," ಎಂದು ಟೆಸ್ಟರಿಗೆ ಸಿಕ್ಕಿಸಿದೆ. ಟಪ್! ಪರದೆ ಕಪ್ಪಾಯಿತು. ಬಟನ್ ಒತ್ತಿದೆ, ಮತ್ತೆ ಒತ್ತಿದೆ. ಊಹೂಂ.

ಉಸ್ತಾದರು ಬಲ್ಬನ್ನು ಕಿವಿಯ ಹತ್ತಿರ ಅಲ್ಲಾಡಿಸಿದರು. ಒಳಗೆ ತುಂಡಾದ ತಂತಿ ಕಿಣಿಕಿಣಿ ಎಂದಿತು. ನನ್ನ ಹಂಪುಗಳ ಪ್ರಸಾದ. ಸತ್ತ ಬಲ್ಬೂ ಮಿಂಚುವುದಿಲ್ಲ ಎಂಬಷ್ಟು ನನಗೆ ಹೊಳೆಯಲಿಲ್ಲವಲ್ಲ, ನನ್ನ ಬುದ್ಧಿಗಿಷ್ಟು ಬೆಂಕಿ ಬೀಳ!

ಅಕ್ಕನ ಹತ್ತಿರ ಬೇರೆ ಬಲ್ಬು ಕೇಳಿ ಪಡೆದು, ಒಳಗೆ ಉಳಿದ ಕರೆಂಟನ್ನು ಅದಕ್ಕೆ ಇಳಿಸಿ, ಉಸ್ತಾದರು ಕೆಪ್ಯಾಸಿಟರನ್ನು ಮೂಗಿನ ಹತ್ತಿರ ತಂದರು. ಮೇಲೆ ಬರೆದ ಅಂಕಿ ಗೊತ್ತಾದರೆ ಚೀಲದಲ್ಲಿನ ಬದಲಿ ಹಾಕಬಹುದಿತ್ತು. ತಿರುಗಿಸಿದರು, ಬೆಳಕಿಗೆ ಹಿಡಿದರು. ಅಕ್ಕ ನೋಡುತ್ತಲೇ ಇದ್ದಳು. ನನಗೆ ನೆಲ ಬಿರಿದು ನುಂಗಬಾರದೇ ಅನ್ನಿಸಿತು. "ಅಂಕಿ ಅಳಿಸ್ಯಾವ್ರಿ ಅಕ್ಕಾರ, ತಯಾರು ಮಾಡಿದವರದ ತಪ್ಪು," ಎಂದು ಬುರುಡೆ ಬಿಟ್ಟೆ.

"ಸುಳ್ಳು ಹೇಳಬ್ಯಾಡೋ," ಎಂದರು ಉಸ್ತಾದರು. ಅವಳ ಕಡೆ ತಿರುಗಿ, "ನನಗ ಕಣ್ಣು ಕಾಣಂಗಿಲ್ಲಮ್ಮ. ಇಷ್ಟು ದಿನ ಮಷಿನ್ ಓದ್ತಿತ್ತು. ಇವತ್ತ ಈ ಗಧಾ ಓದ್ತಾನ."

"ಯಾರರ ಓದ್ರಿ ಮಾರಾಯ್ರ! ನಾಳೆ ಮದುವಿ ಐತಿ, ಫ್ಲ್ಯಾಶ್ ಹತ್ತಿದ್ರ ಸಾಕು," ಎಂದಳು ಅಕ್ಕ.

ಎರಡು ವರ್ಷ ನಾವಿಬ್ಬರೂ ಹೆದರಿ ಬಚ್ಚಿಟ್ಟ ಗುಟ್ಟಿನ ಬೆಲೆ ಇಷ್ಟೇ ಆಗಿತ್ತು. ನಾನು ಅಂಕಿ ಓದಿದೆ. ಗುಟ್ಟು ಕಾಯ್ದ ಅಭ್ಯಾಸಕ್ಕೆ ಪಿಸುಗುಟ್ಟಿದ್ದೆ, ಉಸ್ತಾದರಿಗೆ ಕೇಳಿಸಲಿಲ್ಲ. ಇನ್ನೊಮ್ಮೆ, ಅಕ್ಕನಿಗೂ ಕೇಳುವಂತೆ ಗಟ್ಟಿಯಾಗಿ ಓದಿದೆ.