ತುಂಡು ಬೀಜದ ಲೆಕ್ಕ

ಕಳೆದ ಮಂಗಳವಾರ, ಸಂಜೆ ಐದು ಗಂಟೆ. ಹಾಜರಿದ್ದವರು ಇಬ್ಬರು: ನಾನು ಮತ್ತು ಶಶಿಕಲಾ. (ನಮ್ಮ ಮನೆಯ ಮಟ್ಟಿಗೆ ಇದು ದೊಡ್ಡ ಸಭೆ.)

ಅವಳು ಎಂದಿನಂತೆ ಕುರ್ಚಿ ಎಳೆದು ಕೂರಲಿಲ್ಲ. ಬಾಗಿಲ ಬಳಿ ನಿಂತೇ ಹೇಳಿದಳು, "ಸರ್, ನಾಳಿಂದ ನಾ ಬತ್ತಿಲ್ಲೆ."

ಕಾಲೇಜು ಬಿಟ್ಟೇಬಿಟ್ಟಳೇ?

ಶಶಿಕಲಾ ತಲ್ಲೂರಿನವಳು. ಕುಂದಾಪುರದಲ್ಲಿ ಬಿ.ಕಾಂ. ಎರಡನೇ ವರ್ಷ. ಅಮ್ಮ ಗೇರುಬೀಜದ ಫ್ಯಾಕ್ಟರಿಯಲ್ಲಿ ಬೀಜ ವಿಂಗಡಿಸುತ್ತಾರೆ. ಮಳೆಗಾಲ ಮುಗಿಯುವ ಹೊತ್ತಿಗೆ ಆ ತಾಯಿಯೇ ಮಗಳನ್ನು ನನ್ನಲ್ಲಿಗೆ ಎಳೆತಂದಿದ್ದರು.

"ಕಾಸ್ಟಿಂಗ್ ಲೆಕ್ಕ ತಲಿಗ್ ಹೋತಿಲ್ಲ ಅಂತ್ಳ್ ಸರ್. ಕಾಲೇಜ್ ಬಿಟ್ಟ್ ನನ್ನೊಟ್ಟಿಗೆ ಫ್ಯಾಕ್ಟ್ರಿಗೆ ಬತ್ತೆ ಅಂತ್ಳ್. ಅಲ್ಲ್ ನಾನ್ ಕೂಕಂಡದ್ದ್ ಸಾಕಲ್ದಾ?"

ನಾನು ಕಾಮರ್ಸ್ ಕಲಿಸಿ ನಿವೃತ್ತನಾದವನು. ಐದಕ್ಕೆ ಪಾಠ, ಆರಕ್ಕೆ ಬಂದ್, ತಡವಾದರೆ ಗೇಟು ತೆರೆಯುವುದಿಲ್ಲ ಎಂದೆ. ಅವಳು ಒಂದು ದಿನವೂ ತಡ ಮಾಡಲಿಲ್ಲ. ನಾಲ್ಕೂವರೆಗೇ ನಾನು ಗೇಟು ತೆರೆದಿಡುತ್ತಿದ್ದದ್ದು ಬೇರೆ ಮಾತು.

ಮೊದಲ ದಿನ ಪುಸ್ತಕ ಮುಚ್ಚಿಸಿದೆ. "ಗೋಣಿಯಲ್ ಬಂದ್ ಬೀಜಕ್ಕೆ ಎಂತೆಂತ ಮಾಡ್ತ್ರ್, ಹೇಳ್ ಕಾಂಬ."

ಶುರುವಾಯಿತು ನೋಡಿ! ಬೇಯಿಸುವುದು, ಒಡೆಯುವುದು, ಒಣಗಿಸುವುದು, ಸಿಪ್ಪೆ ತೆಗೆಯುವುದು, ವಿಂಗಡಿಸುವುದು. ಹಂತಹಂತದ ಖರ್ಚು ಲೆಕ್ಕ ಹಾಕುವ ಪ್ರೊಸೆಸ್ ಕಾಸ್ಟಿಂಗ್ ಅಧ್ಯಾಯ ಇಡೀ ಅವಳ ಮನೆಯಲ್ಲೇ ಇತ್ತು. ತುಂಡಾದ ಬೀಜವನ್ನು ನಷ್ಟಕ್ಕೆ ಹಾಕಲು ಮಾತ್ರ ಒಪ್ಪಲಿಲ್ಲ. ಕಾಲೇಜಿನ ಟೆಸ್ಟಿನಲ್ಲಿ ಎಡವಿದ್ದೂ ಅಲ್ಲೇ.

"ಅದ್ ಎಂತಕ್ ನಷ್ಟ ಸರ್? ತುಂಡಿಗೂ ರೇಟ್ ಇತ್ತಲೆ. ನೀವ್ ಪಾಯ್ಸಕ್ಕೆ ಇಡೀ ಬೀಜ ಹಾಕ್ತ್ರ್ಯಾ?"

ಪಾಯಸ! ನಮ್ಮ ಒಲೆ ಅದನ್ನು ಮರೆತೇ ಬಿಟ್ಟಿದೆ. "ಹಾಂಗಾರೆ ಆ ರೇಟನ್ನ್ ನಷ್ಟದಲ್ಲ್ ಕಳಿ" ಎಂದೆ. ಲೆಕ್ಕ ತಾಳೆಯಾಯಿತು.

ಪರಿಚಯದ ಪ್ರಿನ್ಸಿಪಾಲರೊಬ್ಬರನ್ನು ಕೇಳಿದ್ದೆ, ಮಕ್ಕಳು ಯಾಕೆ ಅರ್ಧಕ್ಕೆ ಬಿಡುತ್ತಾರೆ ಎಂದು. "ಪ್ರತಿ ವರ್ಷ ಸ್ವಲ್ಪ ಜನ ಹೋಗ್ತಾರೆ ಸರ್, ಮಾಮೂಲಿ" ಎಂದರು. ಮಾಮೂಲಿಯೇ? ಇಡೀ ಕ್ಲಾಸಿಗೆ ಒಂದೇ ಉದಾಹರಣೆ, ಅದೂ ಯಾರೂ ಕಾಣದ ಯಾವುದೋ ಸಾಬೂನು ಕಾರ್ಖಾನೆಯದ್ದು. ನಿಮ್ಮ ಮನೆಯಲ್ಲಿ ಏನು ಕೆಲಸ ಎಂದು ಒಬ್ಬಳನ್ನು ಕೇಳಲು ಎಷ್ಟು ಹೊತ್ತು ಬೇಕು?

ಮಂಗಳವಾರಕ್ಕೆ ಬರೋಣ. "ಎಂತಕ್ ಮಗಾ?" ಎಂದೆ.

"ನಮ್ ಕಾಲೇಜ್ ಮೇಡಂ ಸಂಜಿಗೆ ನಾಲ್ಕೈದ್ ಜನನ್ನ ಬೇರೆ ಕೂರ್ಸಿ ಹೇಳ್ಕೊಡ್ತ್ರ್ ಸರ್. ಬೀಜದ್ ಲೆಕ್ಕ ನನ್ ಹತ್ರವೇ ಬೋರ್ಡಲ್ಲ್ ಮಾಡ್ಸಿರ್. ಬೋಟಿನವ್ರ್ ಮನಿ ಹುಡ್ಗನತ್ರ ಮೀನಿನ್ ಲೆಕ್ಕ! ಅದೂ ಐದ್ ಗಂಟಿಗೇ... ಹಾಂಗಾಯಿ."

"ಲಾಯ್ಕ್ ಆಯ್ತ್. ಅಲ್ಲಿಗೂ ತಡ ಮಾಡುಕಾಗ" ಎಂದೆ. ಸಂತೋಷವಾಯಿತು. (ಸುಳ್ಳಲ್ಲ.)

ಹೊರಡುವಾಗ ಪೊಟ್ಟಣವೊಂದನ್ನು ಮೇಜಿನ ಮೇಲಿಟ್ಟಳು. "ಅಮ್ಮ ಕೊಟ್ರ್. ತುಂಡೇ ಸರ್. ಪಾಯ್ಸ ಮಾಡಿ."

ಅವಳ ಬಸ್ಸು ಹೋದ ಸದ್ದು ಕೇಳಿಸಿತು. ಮನೆಯ ಬೋರ್ಡಿನಲ್ಲಿದ್ದ ಹಿಂದಿನ ದಿನದ ಲೆಕ್ಕ ಒರೆಸಿದೆ. ಆರಕ್ಕೆ ಸರಿಯಾಗಿ ಎರಡನೆಯ ಕುರ್ಚಿಯನ್ನು ಮಡಚಿ ಗೋಡೆಗೆ ಒರಗಿಸಿದೆ.

ಬೀಜವೇನೋ ಇದೆ. ಒಬ್ಬನಿಗೆ ಪಾಯಸ ಎಷ್ಟು ಇಡುವುದು?