ಹೊಲದ ನಡುವಿನ ಕೆಂಪು ತುಂಡುಗೆರೆ

ನಕ್ಷೆ ಓದುವುದನ್ನು ನಾನು ಕಲಿತದ್ದು ಬೀದರಿನ ಕಾಲೇಜಿನಲ್ಲಿ, ಭೂಗೋಳದ ಪ್ರಾಯೋಗಿಕ ತರಗತಿಯಲ್ಲಿ. ಕಂದು ಗೆರೆಗಳು ಒತ್ತೊತ್ತಾಗಿದ್ದರೆ ಕಡಿದಾದ ಏರು, ದೂರ ದೂರ ಇದ್ದರೆ ಬಯಲು. ನೀರಿಲ್ಲದ ಹಳ್ಳಕ್ಕೆ ಕಪ್ಪು, ಕಾಲುದಾರಿಗೆ ಕೆಂಪು ತುಂಡುಗೆರೆ. ಸುತ್ತುದಾರಿಯ ದೂರವನ್ನು ದಾರದಿಂದ ಅಳೆಯಬೇಕು: ಗೆರೆಯುದ್ದಕ್ಕೂ ದಾರ ಹೊಂದಿಸಿ, ಆಮೇಲೆ ಅದನ್ನು ನೆಟ್ಟಗೆ ಹಿಡಿದು ನಕ್ಷೆಯ ಕೆಳಗಿನ ಅಳತೆಪಟ್ಟಿಯ ಮೇಲಿಡಬೇಕು. ನನಗೆ ಇದು ಬೇಗ ತಲೆಗೆ ಹತ್ತಿತು. ಮೊದಲು ಹುಡುಕಿದ್ದೇ ಭಾಲ್ಕಿ ತಾಲ್ಲೂಕಿನ ನಮ್ಮೂರನ್ನು. ಒಂದು ಕಡೆ ಊರಿನ ಮನೆಗಳನ್ನು ತೋರಿಸುವ ಕೆಂಪು ಗುರುತುಗಳ ದೊಡ್ಡ ಗುಂಪು. ಹಳ್ಳದಾಚೆ ಪುಟ್ಟದೊಂದು ಗುಂಪು, ಅದು ನಮ್ಮ ಕೇರಿ. ನಾವು ಬೇರೆ ಎಂಬುದು ಸರ್ಕಾರದ ನಕ್ಷೆಗೂ ಗೊತ್ತಿತ್ತು.

ಕೇರಿಯಿಂದ ಬಸ್ಸಿನ ರಸ್ತೆಗೆ, ಹೊಲವೊಂದರ ನಡುವೆ ಹಾದು, ಒಂದು ತುಂಡುಗೆರೆ ಇತ್ತು. ನಾನು ಅದರ ಮೇಲೆಯೇ ನಡೆದು ಓದಿದವಳು. ನಾನು ನಕ್ಷೆ ಕಲಿತ ಆ ವರ್ಷ ಹೊಲದ ಮಾಲೀಕರು ಆ ದಾರಿಯನ್ನೂ ಸೇರಿಸಿ ಉತ್ತು ಸೋಯಾ ಬಿತ್ತಿದ್ದರು. ಭಾಲ್ಕಿಯಲ್ಲಿ ಪಿಯುಸಿ ಓದುತ್ತಿದ್ದ ನನ್ನ ತಂಗಿ ಇಡೀ ಊರು ಸುತ್ತಿ ಬರುವಷ್ಟರಲ್ಲಿ ಬಸ್ಸು ಹೋಗಿಬಿಟ್ಟಿರುತ್ತಿತ್ತು. ಹೀಗೇ ಆದರೆ ಕಾಲೇಜು ಬಿಡಿಸುತ್ತೇನೆ ಎಂದು ಅಪ್ಪ ಹೇಳತೊಡಗಿದ್ದರು.

ನಕ್ಷೆಯ ಬಣ್ಣದ ನಕಲು ಹಿಡಿದು ಮಾಲೀಕರ ಮನೆಗೆ ಹೋದೆ. ನನ್ನಪ್ಪನನ್ನು ಎಂದೂ ಕೂರಿಸದ ಹೊರಸಿನ ಮೇಲೆ ನನ್ನನ್ನು ಕೂರಿಸಿದರು. ಚಹಾ ಬಂತು, ಅವರು ಕುಡಿಯುವಂಥದ್ದೇ ಕಪ್ಪಿನಲ್ಲಿ. ನಾನು ಉಬ್ಬಿಹೋದೆ.

“ಇಲ್ಲಿ ನೋಡ್ರಿ, ಇದು ನಮ್ಮ ಹಾದಿ. ಊರ ಸುತ್ತಿ ಬಂದ್ರ ಎಷ್ಟ ದೂರ ಆಗ್ತದ ನೋಡ್ರಿ,” ಎಂದು ದಾರವಿಟ್ಟು ಎರಡನ್ನೂ ಅಳೆದು ತೋರಿಸಿದೆ.

“ಭಾಳ ಶಾಣ್ಯಾಕಿ ಇದ್ದಿ ತಂಗಿ,” ಎಂದರು ಅವರು. “ಈ ಕಂದು ಗೆರಿ ಏನ ಹೇಳ್ತಾವ? ನೀರ ಯಾ ಕಡಿ ಇಳಿತದ?”

ಗೆರೆಗಳು ಮೊಣಕೈಯಂತೆ ಬಾಗಿದ ಕಡೆ ಎರಡೂ ಬದಿಯ ನೀರು ಬಂದು ಕೂಡುತ್ತದೆ ಎಂದು ವಿವರಿಸಿದೆ. ನಮ್ಮ ದಾರಿ ಹಾಯುವುದೂ ಅಲ್ಲೇ. ಅವರು ಆಳುಗಳನ್ನು ಕರೆದು, ಅವರೆಲ್ಲರ ಮುಂದೆ ನನ್ನಿಂದ ಆ ಜಾಗಕ್ಕೆ ಬೆರಳಿಡಿಸಿ ಮತ್ತೊಮ್ಮೆ ಹೇಳಿಸಿದರು. “ಹಾದಿದು ವಿಚಾರ ಮಾಡ್ತೇನಿ,” ಎಂದು ಕಳಿಸಿಕೊಟ್ಟರು.

ಸೋಯಾ ಕೊಯ್ಲು ಮುಗಿದದ್ದೇ ತಡ, ಅಲ್ಲಿಗೆ ಜೆಸಿಬಿ ಬಂತು. ದಾರಿ ಇದ್ದಲ್ಲೇ ಕೃಷಿ ಹೊಂಡ, ಸುತ್ತ ತಂತಿಬೇಲಿ. ಕೇರಿಯ ಹಿರಿಯರು ಕೇಳಲು ಹೋದರೆ ಮಾಲೀಕರು, “ನನಗ ಯಾಕ ಕೇಳ್ತೀರಿ? ನಿಮ್ಮ ಹುಡುಗೀನೇ ನಕಾಶದಾಗ ತೋರ್ಸ್ಯಾಳ, ನೀರ ನಿಲ್ಲೋದು ಇಲ್ಲೇ ಅಂತ. ಇವರೆಲ್ಲಾ ಕೇಳ್ಯಾರ,” ಎಂದರಂತೆ. ಹಿರಿಯರು ವಾಪಸು ಬಂದರು. ತಲೆಮಾರುಗಳಿಂದ ಆ ಹೊಲ ಮಾಡಿಕೊಂಡು ಬಂದ ಮಾಲೀಕರಿಗೆ ನೀರು ಎತ್ತ ಹರಿಯುತ್ತದೆಂದು ಗೊತ್ತಿರಲಿಲ್ಲವೇ? ಚೆನ್ನಾಗಿಯೇ ಗೊತ್ತಿತ್ತು. ನಮ್ಮವರ ಬಾಯಿ ಮುಚ್ಚಿಸಲು ನಮ್ಮವಳದೇ ಒಂದು ಮಾತು ಬೇಕಿತ್ತು. ಆ ಚಹಾ ಬಂದದ್ದು ಅದಕ್ಕೇ.

ತಂಗಿ ಕಾಲೇಜು ಬಿಟ್ಟಳು. ನಾನು ರಜೆಗೆ ಹೋದಾಗ ಅಂಗಳದಲ್ಲಿ ಕೂತು ತೊಗರಿ ಕೇರುತ್ತಿದ್ದಳು. ಅಪ್ಪ ಅಂಗಳಕ್ಕೆ ಬರುತ್ತಲೇ, “ಹೊಲದ ಸಾವ್ಕಾರ್ರು ಸಿಕ್ಕಿದ್ರು. ನಿನ್ನ ಮಗಳು ಓದಿದ್ದು ಸಾರ್ಥಕ ಆಯ್ತು ನೋಡು ಅಂದ್ರು,” ಎಂದರು. ಅಪ್ಪನಿಗೆ ಅದರಲ್ಲೂ ಹೆಮ್ಮೆ.

ತಂಗಿ ಮೊರ ಕೆಳಗಿಟ್ಟಳು.

“ನಿನ್ನ ಓದು ಅವರ ಹೊಂಡಕ್ಕ ಬಂತು ಅಕ್ಕಾ,” ಎಂದಳು. “ನಂದು ಅದರಾಗೇ ಮುಳಗಿತು.”