ತೂತಿನ ಕೊಡೆ

ಮಳೆ ಹೇಗೆ ಬಂದುಹೋಯಿತು ಎಂದು ತಿಳಿಯಲು ಕೊಡೆಯಕ್ಕ ಆಕಾಶ ನೋಡುವವಳಲ್ಲ. ಅಂಗಡಿಗೆ ಬಂದು ಬಿದ್ದ ಕೊಡೆಯನ್ನು ಮೊಣಕಾಲ ಮೇಲೆ ಮಲಗಿಸಿಕೊಂಡು, ಮೆಲ್ಲಗೆ ಅರಳಿಸಿ, ಗುಡಾರದೊಳಗೆ ಇಣುಕುವ ಮಗುವಿನಂತೆ ತಲೆಯನ್ನು ಒಳಗೆ ತೂರಿಸುತ್ತಾಳೆ. ಮಾತು ಒಳಗಿನಿಂದಲೇ ಬರುತ್ತದೆ.

“ಗಾಳಿ ಎದುರಿಗೆ ಬಂದಿಲ್ಲ, ಹಿಂದಿನಿಂದ ಬಂದಿದೆ. ನೀವು ಎಡಗೈಯಲ್ಲಿ ಹಿಡಿದಿದ್ರಿ. ಬಲಗೈಯಲ್ಲಿ ಭಾರದ ಚೀಲ ಇತ್ತು. ಹೌದೋ ಅಲ್ವೋ?”

ಗಿರಾಕಿ ಕಣ್ಣು ಕಣ್ಣು ಬಿಡುತ್ತಾನೆ. ಹೊಲಿಗೆ ಯಂತ್ರದ ಹಿಂದಿನಿಂದ ಅತ್ತಿಗೆ ಕೂಗುತ್ತಾಳೆ: “ಚೀಲದಲ್ಲಿ ಈರುಳ್ಳಿ ಇತ್ತು ಅಂತಾನೂ ಹೇಳಿಬಿಡು, ಭವಿಷ್ಯ ಪೂರ್ತಿ ಆಗಲಿ!”

ಈ ವಿದ್ಯೆ ಅವಳಿಗೆ ಅಪ್ಪನಿಂದ ಬಂದದ್ದು. ಅಪ್ಪ ಇದೇ ಅಂಗಡಿಯಲ್ಲಿ, ಇದೇ ಗಿಡ್ಡ ಸ್ಟೂಲಿನ ಮೇಲೆ ಕೂತು ಕೊಡೆ ರಿಪೇರಿ ಮಾಡುತ್ತಿದ್ದ. ಅಂಗಡಿ ಎಂದರೆ ಒಂದೇ ಕೋಣೆ. ಒಂದು ಗೋಡೆಗೆ ಹಳೆಯ ಕೊಡೆಗಳ ಅಸ್ಥಿಪಂಜರ, ಇನ್ನೊಂದಕ್ಕೆ ಬಟ್ಟೆಯ ಸುರುಳಿ, ಮೂಲೆಯಲ್ಲಿ ಮೇಲಿನ ಮನೆಗೆ ಹೋಗುವ ಮರದ ಮೆಟ್ಟಿಲು. ಆಗಿನ ಮಳೆ ಬಂತೆಂದರೆ ಎದ್ದುಹೋಗಲು ಮನಸ್ಸಿಲ್ಲದ ನೆಂಟರಂತೆ ಕೂತುಬಿಡುತ್ತಿತ್ತು. ಬೆಳಿಗ್ಗೆ ಏಳುವಾಗ ಅದೇ ಸದ್ದು, ಮಲಗುವಾಗ ಅದೇ ಸದ್ದು. ಒಲೆಯ ಮೇಲೆ ಕಟ್ಟಿದ ಹಗ್ಗದಲ್ಲಿ ಬಟ್ಟೆ ಒಣಗುತ್ತಲೇ ಇರುತ್ತಿತ್ತು, ಒಣಗಿದ್ದನ್ನು ಯಾರೂ ಕಂಡಿರಲಿಲ್ಲ. ಆ ಮಳೆಗೆ ಅವಸರವಿರಲಿಲ್ಲ, ಸಿಟ್ಟಿರಲಿಲ್ಲ. ಅದು ಕೊಡೆಯನ್ನು ಮುರಿಯುತ್ತಿರಲಿಲ್ಲ, ಸವೆಸುತ್ತಿತ್ತು. ಕಡ್ಡಿಯ ತುದಿಯಲ್ಲಿ ದಾರ ಕೊಳೆಯುತ್ತಿತ್ತು, ಮಡಿಕೆಯಲ್ಲಿ ಬಟ್ಟೆ ತೆಳುವಾಗುತ್ತಿತ್ತು, ಬೂಷ್ಟು ಹಿಡಿಯುತ್ತಿತ್ತು. ಕಡ್ಡಿ ಮಾತ್ರ ಗಟ್ಟಿಯಾಗಿ ಉಳಿಯುತ್ತಿತ್ತು.

ಆ ಮಳೆಯನ್ನು ನಂಬಿಯೇ ಅಪ್ಪ ಬಾಗಿಲ ಮೇಲೆ ಬೋರ್ಡು ಬರೆಸಿದ್ದ. ನೀಲಿಯ ಮೇಲೆ ಹಳದಿ ಅಕ್ಷರ: ‘ಇಲ್ಲಿ ರಿಪೇರಿಯಾದ ಕೊಡೆಗೆ ಒಂದು ಮಳೆಗಾಲದ ಖಾತ್ರಿ.’ ಮೇಣ ಹಚ್ಚಿದ ದಾರ, ಕೀಲಿಗೊಂದು ಹನಿ ಎಣ್ಣೆ, ಅಷ್ಟಾದರೆ ಕೊಡೆ ಮಳೆಗಾಲ ದಾಟುತ್ತಿತ್ತು. ಎಲ್ಲೋ ಒಂದು ಮರಳಿ ಬಂದರೆ ಅಪ್ಪನ ಮುಖ ಕೆಂಪಾಗುತ್ತಿತ್ತು. ಬಂದವರನ್ನು ಕೂರಿಸಿ, ಚಹಾ ಕೊಟ್ಟು, ಅವರ ಕಣ್ಣೆದುರಿಗೇ ಮತ್ತೆ ಹೊಲಿದು ಕೊಡುತ್ತಿದ್ದ. “ಮಾತು ಕೊಟ್ಟು ಮೇಲೆ ತೂಗುಹಾಕಿದ್ದೀವಿ ಮಗಳೇ, ಅದರ ಕೆಳಗೇ ಓಡಾಡಬೇಕಲ್ಲ” ಎನ್ನುತ್ತಿದ್ದ.

ಅಣ್ಣನ ಮದುವೆಯಾಗಿ ಅತ್ತಿಗೆ ಬಂದಳು. ದರ್ಜಿಯ ಮಗಳು. ಬಂದವಳೇ ಕೊಡೆಬಟ್ಟೆಯ ಹೊಲಿಗೆಯನ್ನು ಬೆರಳಿನಿಂದ ಸವರಿ, “ಇದು ಹೊಲಿಗೆಯೋ, ಇರುವೆ ಸಾಲೋ?” ಎಂದಿದ್ದಳು. ಅಂದಿನಿಂದ ಬಟ್ಟೆ ಅತ್ತಿಗೆಯದು, ಕಡ್ಡಿ ನಾದಿನಿಯದು. ತನ್ನ ಮದುವೆಯ ಮಾತು ಬಂದಾಗಲೆಲ್ಲ ಕೊಡೆಯಕ್ಕ “ಈ ಮಳೆಗಾಲ ಒಂದು ಮುಗೀಲಿ” ಎನ್ನುತ್ತಿದ್ದಳು, ಅದು ಮುಗಿದರೆ ಇನ್ನೊಂದು ಬರುತ್ತಿತ್ತು. ಹಾಗೆಯೇ ಕೂದಲು ಬೆಳ್ಳಗಾಯಿತು. ಅಪ್ಪ ಹೋದ, ಅಣ್ಣನೂ ಹೋದ. ಅಂಗಡಿಯಲ್ಲಿ ಇಬ್ಬರು ಹೆಂಗಸರು, ಒಂದು ಹೊಲಿಗೆ ಯಂತ್ರ, ಮುಗಿಯದ ಜಗಳ ಉಳಿದವು.

ಮಳೆ ಬದಲಾದದ್ದು ಯಾವಾಗ ಎಂದು ಕೇಳಿದರೆ ಕೊಡೆಯಕ್ಕನಿಗೆ ಹೇಳಲಾಗದು. ಕನ್ನಡಿಯಲ್ಲಿ ದಿನಾ ನೋಡುವ ಮುಖಕ್ಕೆ ವಯಸ್ಸಾದದ್ದು ಯಾವಾಗ? ಮೊದಲು ಚಳಿಗಾಲದಲ್ಲಿ ಒದ್ದೆ ಕೊಡೆಗಳು ಬಂದವು. ಅಪ್ಪನಾದರೆ ಚಳಿಗಾಲ ಬರುವ ಹೊತ್ತಿಗೆ ಉಪಕರಣಗಳಿಗೆ ಎಣ್ಣೆ ಸವರಿ ಕಟ್ಟಿಟ್ಟು, ಚೀಲ ಹೊಲಿಯುವ ಕೆಲಸ ಹಿಡಿಯುತ್ತಿದ್ದ. ಆಮೇಲೆ ಬಿಸಿಲಿಗೆ ಬಣ್ಣ ಹೋಗಿ, ಮುಟ್ಟಿದರೆ ಹಪ್ಪಳದಂತೆ ಚೂರಾಗುವ ಬಟ್ಟೆಗಳು ಬಂದವು. ಕೊನೆಗೆ ಬಂದವು ನೋಡಿ, ವಿಚಿತ್ರ ಕೊಡೆಗಳು. ಬಟ್ಟೆ ಹೊಚ್ಚಹೊಸದು, ಮಡಿಕೆ ಕೂಡ ಮಾಸಿಲ್ಲ, ಒಳಗೆ ಕಡ್ಡಿಗಳು ಮಾತ್ರ ನುಚ್ಚುನೂರು.

“ಈಗಿನ ಕಡ್ಡಿ ಕಳಪೆ, ಇನ್ನೇನು” ಎಂದಳು ಅತ್ತಿಗೆ.

ಕೊಡೆಯಕ್ಕನೂ ಹಾಗೇ ಅಂದುಕೊಂಡಿದ್ದಳು. ಆದರೆ ಒಂದು ದಿನ ಅಪ್ಪನ ಕಾಲದ ಒಂದು ಕೊಡೆಯೂ ಬಂತು. ಮೂರು ತಲೆಮಾರಿನವರು ಹಿಡಿದದ್ದು, ದಪ್ಪ ಉಕ್ಕಿನ ಕಡ್ಡಿ. ಅದೂ ಅದೇ ಜಾಗದಲ್ಲಿ, ಕೀಲಿನ ಪಕ್ಕದಲ್ಲಿ, ಚಟ್ಟೆಂದು ಮುರಿದಿತ್ತು. ಅವಳು ಮುರಿದ ಕಡ್ಡಿಗಳ ಡಬ್ಬಿಯನ್ನು ನೆಲಕ್ಕೆ ಸುರಿದಳು. ಒಂದೊಂದನ್ನೇ ಎತ್ತಿ ನೋಡಿದಳು. ಎಲ್ಲವೂ ಅದೇ ಜಾಗ! ಮಳೆ ಮೇಲಿನಿಂದ ಬಂದು ಮುರಿದದ್ದಲ್ಲ ಇದು. ಗಾಳಿ ಕೆಳಗೆ ನುಗ್ಗಿ, ಒಳಗಿನಿಂದ ಎತ್ತಿ, ಮಗುಚಿ ಮುರಿದದ್ದು. ಈಗಿನ ಮಳೆ ನೆಂಟರಲ್ಲ, ದರೋಡೆಗೆ ಬಂದವರು. ನುಗ್ಗಿ, ಒಡೆದು, ಕಣ್ಣು ಮಿಟುಕಿಸುವಷ್ಟರಲ್ಲಿ ಮಾಯ.

“ಅತ್ತಿಗೆ, ನಾವು ಇಷ್ಟು ದಿನ ತಪ್ಪು ಕಾಯಿಲೆಗೆ ಔಷಧ ಕೊಡ್ತಾ ಇದ್ವಿ!”

“ನೆಲದ ಮೇಲಿನ ಕಡ್ಡಿ ಮೊದಲು ಎತ್ತು. ಕಾಲಿಗೆ ಚುಚ್ಚಿದರೆ ನನಗೆ ಔಷಧ ಬೇಕಾಗುತ್ತೆ.”

ಅದೇ ವಾರ ನರ್ಸು ಬಂದಳು. ಎರಡು ರಸ್ತೆ ಆಚೆಯ ಆಸ್ಪತ್ರೆಯವಳು, ಮಧ್ಯಾಹ್ನದ ಪಾಳಿಗೆ ಇದೇ ದಾರಿಯಲ್ಲಿ ನಡೆದುಹೋಗುತ್ತಾಳೆ. ಅವಳ ನೇರಳೆ ಬಣ್ಣದ ಕೊಡೆ ರಿಪೇರಿಯಾಗಿ ಹೋದದ್ದು ಮೊನ್ನೆ ಮೊನ್ನೆ. ಈಗ ಅದನ್ನು ಸತ್ತ ಕಾಗೆಯಂತೆ ಎರಡು ಬೆರಳಲ್ಲಿ ಹಿಡಿದು ಮೇಜಿನ ಮೇಲೆ ಹಾಕಿದಳು.

“ಇದು ಮೂರನೇ ಸಲ, ಅಕ್ಕ. ನಿನ್ನೆ ನೆಂದುಕೊಂಡು ವಾರ್ಡಿಗೆ ಹೋದೆ. ಅಲ್ಲಿದ್ದ ಪೇಶೆಂಟು ನನಗೇ ಟವೆಲ್ ಕೊಟ್ಟರು.”

“ಕೂತ್ಕೊಳ್ಳಿ ಸಿಸ್ಟರ್, ಚಹಾ ತರ್ತೀನಿ.”

“ಚಹಾ ಬೇಡ. ಆ ಬೋರ್ಡು ಒಂದು ಇಳಿಸಿಬಿಡಿ. ಅದನ್ನು ನೋಡಿ ನಂಬಿಕೊಂಡು ಬರ್ತೀವಿ.”

ಅವಳು ಹೋದ ಮೇಲೆ ಅತ್ತಿಗೆ ಯಂತ್ರದ ಸೂಜಿಯಿಂದ ಬಟ್ಟೆ ಬಿಡಿಸಿ ಪಕ್ಕಕ್ಕಿಟ್ಟಳು. ಆಮೇಲೆ, ಜಗಳದ ದನಿಯಲ್ಲ, ಬೇರೆಯೇ ದನಿಯಲ್ಲಿ ಹೇಳಿದಳು: “ಆ ಹುಡುಗಿ ಹೇಳಿದ್ದರಲ್ಲಿ ತಪ್ಪಿಲ್ಲ. ಮಾವನವರು ಆ ಮಾತು ಕೊಟ್ಟದ್ದು ಅವರ ಕಾಲದ ಮಳೆಗೆ. ಈಗ ಮಳೆಗಾಲ ಎಲ್ಲಿ ಶುರು, ಎಲ್ಲಿ ಮುಗೀತು ಅಂತ ಮಳೆಗೇ ಗೊತ್ತಿಲ್ಲ. ಇಳಿಸಿಬಿಡೋಣ ಕಣೇ. ಸುಳ್ಳಿನ ಕೆಳಗೆ ಕೂತು ಅನ್ನ ತಿನ್ನೋದು ಬೇಡ.”

ಕೊಡೆಯಕ್ಕ ಕೂತ ಸ್ಟೂಲಿನ ಅಂಚನ್ನು ಹಿಡಿದುಕೊಂಡಳು. ಅಪ್ಪನದೆಂದು ಅವಳ ಬಳಿ ಉಳಿದಿದ್ದದ್ದು ಆ ಸ್ಟೂಲು, ಈ ಮಾತು, ಎರಡೇ. “ಒಂದು ಗಾಳಿ ಬರೋವರೆಗೆ ತಡೀರಿ ಅತ್ತಿಗೆ. ಒಂದೇ ಒಂದು ಗಾಳಿ. ಅಷ್ಟರೊಳಗೆ ನನಗೇನೂ ಹೊಳೀಲಿಲ್ಲ ಅಂದ್ರೆ ನಾನೇ ಏಣಿ ಹತ್ತಿ ಇಳಿಸ್ತೀನಿ.”

ಹೊಳೆದದ್ದು ಹಾಲು ತರಲು ಹೋದಾಗ. ರಸ್ತೆಗೆ ಅಡ್ಡವಾಗಿ ಚಪ್ಪಲಿ ಅಂಗಡಿಯವರು ಬಟ್ಟೆಯ ಬ್ಯಾನರ್ ಕಟ್ಟಿದ್ದರು. ಅವಳು ದಿನಾ ಅದರ ಕೆಳಗೇ ಓಡಾಡುತ್ತಿದ್ದಳು. ಅಂದು ತಲೆ ಎತ್ತಿ ನೋಡಿದರೆ, ಅಕ್ಷರಗಳ ನಡುವೆ ಅಲ್ಲಲ್ಲಿ ಅರ್ಧಚಂದ್ರದ ಹಾಗೆ ಕತ್ತರಿಸಿದ್ದರು. ಇಲಿ ಕಡಿದದ್ದಲ್ಲ, ಬೇಕೆಂದೇ ಕತ್ತರಿಸಿದ್ದು. ಬೀಸುಗಾಳಿ ಬಂದಾಗ ಆ ಅರ್ಧಚಂದ್ರಗಳು ರೆಪ್ಪೆಯಂತೆ ತೆರೆದು ಮುಚ್ಚಿದವು. ಬ್ಯಾನರ್ ಮಾತ್ರ ಅಲುಗದೆ ನಿಂತಿತ್ತು. ಪಕ್ಕದಲ್ಲಿ ತೂತಿಲ್ಲದ ಇನ್ನೊಂದು ಬ್ಯಾನರ್ ಹಗ್ಗ ಹರಿದುಕೊಂಡು ವಿದ್ಯುತ್ ಕಂಬಕ್ಕೆ ಸುತ್ತಿಕೊಂಡಿತ್ತು.

ಕೊಡೆಯಕ್ಕ ಹಾಲು ಮರೆತಳು. ಓಡಿದಳು. ಆ ವಯಸ್ಸಿನಲ್ಲಿ, ಆ ಮಂಡಿಯಲ್ಲಿ, ಸೀರೆಯ ನೆರಿಗೆಯನ್ನು ಮುಷ್ಟಿಯಲ್ಲಿ ಎತ್ತಿ ಹಿಡಿದು ಓಡಿದಳು!

“ಅತ್ತಿಗೆ! ತೂತು! ಕೊಡೆಗೆ ತೂತು ಹಾಕ್ಬೇಕು!”

ಅತ್ತಿಗೆ ಕನ್ನಡಕ ತೆಗೆದಳು. “ಹಾಲೆಲ್ಲಿ?”

“ಹಾಲು ಹಾಳಾಗಲಿ. ಕೇಳಿ ಇಲ್ಲಿ. ಗಾಳಿ ಒಳಗೆ ನುಗ್ಗಿದರೆ ಹೊರಗೆ ಹೋಗೋಕೆ ದಾರಿ ಇಲ್ಲ, ಅದಕ್ಕೇ ಮುರಿಯುತ್ತೆ. ನೆತ್ತಿ ಮೇಲೆ ದಾರಿ ಬಿಟ್ಟರೆ?”

“ನೆತ್ತಿ ಮೇಲೆ ತೂತಿದ್ದರೆ ಅದನ್ನ ಕೊಡೆ ಅನ್ನಲ್ಲ ಕಣೇ, ಜರಡಿ ಅಂತಾರೆ.”

“ತೂತಿನ ಮೇಲೆ ಟೋಪಿ! ಚಿಕ್ಕದೊಂದು ಬಟ್ಟೆ, ತೂತಿಗಿಂತ ಅಗಲ. ಕಡ್ಡಿ ಇರೋ ಕಡೆ ಮಾತ್ರ ಹೊಲಿಗೆ, ನಡುವೆ ಸಡಿಲ. ಮಳೆ ಜಾರಿ ಹೋಗುತ್ತೆ, ಗಾಳಿ ಟೋಪಿ ಎತ್ತಿಕೊಂಡು ಹೋಗುತ್ತೆ.”

“ಜೀವಮಾನವೆಲ್ಲಾ ತೂತು ಮುಚ್ಚಿದವಳು ನಾನು. ಈ ಕೈಯಿಂದ ಗಟ್ಟಿಮುಟ್ಟಾದ ಬಟ್ಟೆಗೆ ತೂತು ಹಾಕು ಅಂತೀಯಾ? ಆಗಲ್ಲ ಅಂದ್ರೆ ಆಗಲ್ಲ.”

ಆಗಲ್ಲ ಎಂದವಳೇ ನೇರಳೆ ಕೊಡೆಯನ್ನು ತನ್ನತ್ತ ಎಳೆದುಕೊಂಡಳು. ಸೀಮೆಸುಣ್ಣದಿಂದ ನೆತ್ತಿಯ ಸುತ್ತ ವೃತ್ತ ಎಳೆದಳು, ಬೈದುಕೊಂಡೇ. ಕತ್ತರಿ ಇಟ್ಟಾಗ ಒಂದು ಕ್ಷಣ ಕಣ್ಣು ಮುಚ್ಚಿಕೊಂಡಳು. ನೇರಳೆ ಬಟ್ಟೆ ಸಿಗದೆ ಟೋಪಿಗೆ ಹಳದಿಯದನ್ನು ಹಾಕಿದಳು. “ನಗೋದಾದ್ರೆ ಊರು ಪೂರ್ತಿ ನಗಲಿ.” ಆದರೆ ಹೊಲಿಗೆ? ಕಣ್ಣಿಗೊತ್ತಿಕೊಳ್ಳಬೇಕು, ಅಂಥ ಹೊಲಿಗೆ. ಒಳಗೆ ಕೊಡೆಯಕ್ಕ ಎಂಟೂ ಕಡ್ಡಿಗಳನ್ನು ಹೊಸದಾಗಿ ಕೂರಿಸಿದಳು.

ಇನ್ನು ಗಾಳಿ ಬರಬೇಕು. ಬರಲೇ ಇಲ್ಲ! ಬೇಡವೆಂದಾಗ ಬಾಗಿಲು ಮುರಿಯುವ ಗಾಳಿ, ಬಾ ಎಂದಾಗ ಎಲೆಯನ್ನೂ ಅಲ್ಲಾಡಿಸಲಿಲ್ಲ. ಕೊಡೆಯಕ್ಕ ಆಕಾಶ ನೋಡುವವಳೇ ಅಲ್ಲ, ಈಗ ಅಡುಗೆ ಮಾಡುತ್ತಾ ಕಿಟಕಿಗೆ, ಹಲ್ಲುಜ್ಜುತ್ತಾ ತಾರಸಿಗೆ ಓಡುತ್ತಿದ್ದಳು. “ಬರ್ತಾನೆ ಬಿಡು ಮದುಮಗ” ಎಂದು ಅತ್ತಿಗೆ ಕೆಣಕಿದಳು. ಆದರೆ ಅವಳೂ ಯಂತ್ರವನ್ನು ಬಾಗಿಲಿನತ್ತ ತಿರುಗಿಸಿಕೊಂಡದ್ದನ್ನು ಕೊಡೆಯಕ್ಕ ಗಮನಿಸಿದಳು.

ಅದು ಬಂದದ್ದು ಮಟಮಟ ಮಧ್ಯಾಹ್ನ, ಅಪ್ಪನ ಕಾಲದಲ್ಲಾದರೆ ಉಪಕರಣ ಕಟ್ಟಿಟ್ಟು ತಿಂಗಳುಗಳೇ ಕಳೆದಿರಬೇಕಾದ ಹೊತ್ತಿನಲ್ಲಿ. ಬೆಳಕು ಇದ್ದಕ್ಕಿದ್ದಂತೆ ತಾಮ್ರದ ಬಣ್ಣಕ್ಕೆ ತಿರುಗಿತು. ರಸ್ತೆಯಲ್ಲಿ ಕಾಗದದ ಚೂರುಗಳು ಎದ್ದು ಸುತ್ತತೊಡಗಿದವು. ಅಂಗಡಿಗಳ ಷಟರುಗಳು ಒಂದೊಂದಾಗಿ ದಡದಡ ಇಳಿದವು. ಎಲ್ಲರೂ ಒಳಗೆ ಓಡುತ್ತಿದ್ದರೆ ಕೊಡೆಯಕ್ಕ ನೇರಳೆ ಕೊಡೆ ಹಿಡಿದು ಹೊರಗೆ ಓಡಿದಳು.

“ನಿಲ್ಲೇ! ಹಾರಿಹೋಗ್ತೀಯ!” ಎನ್ನುತ್ತಾ ಅತ್ತಿಗೆಯೂ ಹಿಂದೆಯೇ.

ಬಸ್ ನಿಲ್ದಾಣದ ಮುಂದೆ, ಎರಡು ಎತ್ತರದ ಕಟ್ಟಡಗಳ ನಡುವಿನ ಸಂದಿನಲ್ಲಿ, ಗಾಳಿ ಯಾವಾಗಲೂ ದುಪ್ಪಟ್ಟು. ಊರಿನ ಅರ್ಧ ಕೊಡೆಗಳು ಮುರಿಯುವುದು ಅಲ್ಲಿಯೇ. ಕೊಡೆಯಕ್ಕ ಬೇಕೆಂದೇ ಅದರ ನಟ್ಟನಡುವೆ ಹೋಗಿ ನಿಂತು ಕೊಡೆ ಬಿಚ್ಚಿದಳು. ಮಳೆ ಅಡ್ಡಡ್ಡವಾಗಿ ಬಂದು ಬಡಿಯಿತು. ಗಾಳಿ ಕೆಳಗೆ ನುಗ್ಗಿ ಕೊಡೆಯನ್ನು ಎತ್ತಿತು. ಹಿಡಿಕೆ ಅಂಗೈಯಲ್ಲಿ ಮೀನಿನಂತೆ ಒದ್ದಾಡಿತು. ಕಡ್ಡಿಗಳು ನರಳಿದವು. ಮಗುಚಿತು, ಇನ್ನೇನು ಮಗುಚಿತು ಎನ್ನುವಷ್ಟರಲ್ಲಿ ನೆತ್ತಿಯ ಹಳದಿ ಟೋಪಿ, ಕುದಿಯುವ ಪಾತ್ರೆಯ ಮುಚ್ಚಳದಂತೆ, ಪಟಪಟ ಎಂದು ಮೇಲೆದ್ದಿತು. ಉಸ್ಸೆಂದು ಗಾಳಿ ಹೊರಗೆ ಹೋಯಿತು. ಕೊಡೆ ತಣ್ಣಗೆ ನಿಂತಿತು.

“ಉಸಿರಾಡ್ತಿದೆ! ಅತ್ತಿಗೆ, ಕೊಡೆ ಉಸಿರಾಡ್ತಿದೆ!”

ಇನ್ನೊಂದು ಬೀಸು ಬಂತು. ಟೋಪಿ ಎದ್ದಿತು, ಕೂತಿತು. ಮತ್ತೊಂದು. ಕೊಡೆಯಕ್ಕ ಮಳೆಯಲ್ಲಿ ನಿಂತು ಹುಡುಗಿಯಂತೆ ಕೇಕೆ ಹಾಕಿದಳು. ಅತ್ತಿಗೆ ಅವಳ ಕೈಯಿಂದ ಹಿಡಿಕೆಯನ್ನು ಕಿತ್ತುಕೊಂಡೇಬಿಟ್ಟಳು.

“ಕೊಡು ಇಲ್ಲಿ. ಹೊಲಿದವಳು ನಾನು.” ಸಂದಿನ ಆ ತುದಿಗೆ ಹೋದಳು, ಈ ತುದಿಗೆ ಬಂದಳು. ಗಾಳಿಗೆ ಎದುರಾಗಿ ನಡೆದಳು, ಬೆನ್ನು ತಿರುಗಿಸಿ ನಡೆದಳು, ಅದೂ ಸೊಂಟ ನೋವೆಂದು ಮೆಟ್ಟಿಲು ಹತ್ತಲೂ ಗೊಣಗುವ ಹೆಂಗಸು. “ಒಂದು ಹನಿ ಹಣೆ ಮೇಲೆ ಬಿತ್ತು! ಟೋಪಿ ಇನ್ನೂ ಎರಡು ಬೆರಳು ಅಗಲ ಆಗಬೇಕು!” ಎಂದು ಗಾಳಿಯ ಮೇಲೆ ಕೂಗಿದಳು. ಆ ಒಂದು ಹನಿಯನ್ನು ಒರೆಸಿಕೊಳ್ಳಲೂ ಇಲ್ಲ.

ಆಗ ಕೊಡೆಯಕ್ಕನಿಗೆ ಬಸ್ ನಿಲ್ದಾಣದ ಸೂರಿನ ಕೆಳಗೆ ನಿಂತ ನರ್ಸು ಕಂಡಳು. ತಲೆಯ ಮೇಲೆ ಪ್ಲಾಸ್ಟಿಕ್ ಚೀಲ, ಮತ್ತೆ ಮತ್ತೆ ಕೈಗಡಿಯಾರ ನೋಡುವ ಚಡಪಡಿಕೆ, ಆದರೂ ಬಾಯಿ ಅರ್ಧ ತೆರೆದು ಈ ಇಬ್ಬರು ಮುದುಕಿಯರ ಕುಣಿತ ನೋಡುತ್ತಿದ್ದಳು.

“ಸಿಸ್ಟರ್! ನಿಮ್ಮದೇ ಇದು!” ಎಂದಳು ಕೊಡೆಯಕ್ಕ.

ನರ್ಸು ಹತ್ತಿರ ಬಂದು ಹಳದಿ ನೆತ್ತಿಯನ್ನು ಅನುಮಾನದಿಂದ ನೋಡಿದಳು. “ತೂತು ಇದೆಯಲ್ಲ ಅಕ್ಕ ಇದರಲ್ಲಿ?”

ಕೊಡೆಯಕ್ಕ ಬಾಯಿ ತೆರೆಯುವ ಮೊದಲೇ ಅತ್ತಿಗೆ ಮುಂದೆ ನುಗ್ಗಿದಳು. “ಇದೆ. ತೂತು ಇರೋದಕ್ಕೇ ಮುರಿಯಲ್ಲ. ಹಿಡೀರಿ, ನಡೀರಿ, ಪಾಳಿಗೆ ಹೊತ್ತಾಗುತ್ತೆ. ಮುರಿದರೆ ತಂದು ನನ್ನ ತಲೆ ಮೇಲೆ ಹಾಕಿ. ಮಳೆಗಾಲವೋ, ಚಳಿಗಾಲವೋ, ಯಾವ ಕಾಲದಲ್ಲಿ ಬರಲಿ, ಎಂಥ ಮಳೆಯಾದರೂ ಬರಲಿ, ನಮ್ಮ ಖಾತ್ರಿ!”

“ಅತ್ತಿಗೆ!” ಕೊಡೆಯಕ್ಕ ಸೆರಗು ಹಿಡಿದೆಳೆದಳು. “ಅಪ್ಪ ಒಂದು ಮಳೆಗಾಲಕ್ಕೆ ಕೊಟ್ಟಿದ್ದರು. ನೀವು ವರ್ಷಪೂರ್ತಿಗೆ ಕೊಟ್ಟುಬಿಟ್ಟಿರಲ್ಲ!”

ನರ್ಸು ಕೊಡೆ ಹಿಡಿದು ಸಂದಿಗೆ ಕಾಲಿಟ್ಟಳು. ಗಾಳಿ ಮೇಲೆರಗಿತು. ಹಳದಿ ಟೋಪಿ ಎದ್ದು ಬಿದ್ದಿತು, ಎದ್ದು ಬಿದ್ದಿತು. ನೇರಳೆ ಕೊಡೆ ಒಮ್ಮೆಯೂ ಮಗುಚದೆ ಆ ತುದಿ ತಲುಪಿತು. ತಿರುವಿನಲ್ಲಿ ನರ್ಸು ಹಿಂದಿರುಗಿ, ಕೊಡೆಯನ್ನು ಮೇಲೆತ್ತಿ ಬೀಸಿ ತೋರಿಸಿದಳು.

ಕೊಡೆ ಅಂಗಡಿಯ ಇಬ್ಬರೂ ತಲೆಯಿಂದ ಕಾಲಿನವರೆಗೆ ತೊಪ್ಪೆಯಾಗಿ, ಒಂದು ಕೊಡೆಯೂ ಇಲ್ಲದೆ, ನಗುತ್ತಾ ರಸ್ತೆಯ ನಡುವೆಯೇ ಮನೆಯತ್ತ ನಡೆದರು. ಬಾಗಿಲಲ್ಲಿ ಅತ್ತಿಗೆ ನಿಂತು, ನೀರು ಇಳಿಯುತ್ತಿದ್ದ ಬೋರ್ಡನ್ನು ತಲೆ ಎತ್ತಿ ನೋಡಿದಳು.

“ಏಣಿ ತರಲಾ?” ಎಂದಳು ಕೊಡೆಯಕ್ಕ, ಕೆಣಕಲೆಂದೇ.

“ತಾ. ಹಳದಿ ಬಣ್ಣಾನೂ ತಾ. ಆ ‘ಒಂದು ಮಳೆಗಾಲದ’ ಅನ್ನೋದನ್ನ ಅಳಿಸಿ ‘ಎಂಥ ಮಳೆಗಾದರೂ’ ಅಂತ ಬರೀಬೇಕು. ನಿನ್ನ ಅಕ್ಷರ ಕೋಳಿ ಕಾಲು, ನಾನೇ ಬರೀತೀನಿ.” ಅಷ್ಟು ಹೇಳಿ ಒಳಗೆ ಹೋದಳು, ತಲೆ ಕೂಡ ಒರೆಸಿಕೊಳ್ಳದೆ ಯಂತ್ರದ ಮುಂದೆ ಕೂತಳು. “ಬಣ್ಣ ಮಳೆ ನಿಂತ ಮೇಲೆ. ಮೊದಲು ಆ ಮೂಲೆಯ ಕಪ್ಪು ಕೊಡೆ ಎಸಿ ಇತ್ತ. ಕತ್ತರಿಯೂ ಕೊಡು. ತೂತು ಹಾಕ್ತೀನಿ.”